ಎಳೆಯರ ತರಗತಿಯಲ್ಲಿ ಗುರು–ಶಿಷ್ಯ ಬಾಂಧವ್ಯ: ಮುಂಬಯಿಯ ಕನ್ನಡ ಶಾಲೆಯ ನೆಲೆಯಲ್ಲಿ ಕೆಲವು ವಿಚಾರಗಳು

೧. ಪ್ರಸ್ತಾವನೆ

ಗುರು–ಶಿಷ್ಯ ಸಂಬಂಧದ ಬಗೆಗೆ ನಮ್ಮಲ್ಲಿ ಬಂದಿರುವ ಬರವಣಿಗೆ ಅಲ್ಪವಲ್ಲ. ಉಪನಿಷತ್ತಿನ ಕಾಲದ ಆಶ್ರಮಗಳಿಂದ ಮೊದಲುಗೊಂಡು ಇಂದಿನ ವಿಶ್ವವಿದ್ಯಾಲಯಗಳ ಸಂಶೋಧನ ಮಾರ್ಗದರ್ಶಕರವರೆಗೆ ಆ ಸಂಬಂಧವನ್ನು ನಾನಾ ಬಗೆಯಾಗಿ ವರ್ಣಿಸಲಾಗಿದೆ. ಈ ವರ್ಣನೆಗಳಲ್ಲಿ ಒಂದು ಸಮಾನವಾದ ಅಂಶವಿದೆ. ಅಲ್ಲಿಯ ಶಿಷ್ಯನು ಸಾಮಾನ್ಯವಾಗಿ ಬುದ್ಧಿ ಬೆಳೆದವನು; ತನಗೆ ಬೇಕಾದ ಗುರುವನ್ನು ತಾನೇ ಅರಸಿಕೊಂಡು ಬಂದವನು. ಒಂದನೆಯ ಇಯತ್ತೆಯ ಮಗುವಿನ ಸ್ಥಿತಿ ಹಾಗಲ್ಲ. ಆರು ವರ್ಷದ ಆ ಮಗು ಗುರುವನ್ನು ಆರಿಸಿಕೊಂಡಿಲ್ಲ. ಯಾರೋ ಕೈಹಿಡಿದು ಕರೆತಂದು ಬಿಟ್ಟಿದ್ದಾರೆ. ತಾನೇಕೆ ಇಲ್ಲಿಗೆ ಬಂದೆ, ಎದುರಿಗೆ ನಿಂತವರು ಯಾರು, ಅವರಾಡುವ ಮಾತಿನ ಅರ್ಥವೇನು ಎಂಬುದೊಂದೂ ಅದಕ್ಕೆ ಸ್ಪಷ್ಟವಿಲ್ಲ. ಆದುದರಿಂದ ಇಲ್ಲಿ ಸಂಬಂಧವನ್ನು ಕಟ್ಟುವ ಹೊಣೆ ಪೂರ್ತಿಯಾಗಿ ಗುರುವಿನದೇ ಆಗಿದೆ.

ಈ ಹೊಣೆಯನ್ನು ಶಿಕ್ಷಕರು ಹೇಗೆ ನಿರ್ವಹಿಸಬಹುದು ಎಂಬುದನ್ನು ಮುಂಬಯಿಯ ಕನ್ನಡ ಪ್ರಾಥಮಿಕ ಶಾಲೆಯನ್ನು ಕಣ್ಣಮುಂದಿಟ್ಟುಕೊಂಡು ವಿಚಾರ ಮಾಡುವುದು ಪ್ರಸ್ತುತ ಲೇಖನದ ಉದ್ದೇಶ. ಮಕ್ಕಳನ್ನು ಪ್ರೀತಿಸಬೇಕು ಎಂಬ ಮಾತನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಪ್ರೀತಿಯೊಂದರಿಂದಲೇ ಬಾಂಧವ್ಯ ನೆಲೆಗೊಳ್ಳುವುದಿಲ್ಲ. ಮಗುವಿನ ಮನೆ, ಮಾತು, ಅದರ ತಪ್ಪಿನ ಹಿಂದಿರುವ ಕಾರಣ ಇವುಗಳ ಅರಿವು ಶಿಕ್ಷಕರಿಗಿರಬೇಕಾಗುತ್ತದೆ. ಹೊರನಾಡಿನ ಕನ್ನಡ ತರಗತಿಯಲ್ಲಿ ಈ ಅರಿವಿನ ಅಗತ್ಯ ಒಳನಾಡಿಗಿಂತ ಹೆಚ್ಚಿನದು ಎಂಬುದೇ ಇಲ್ಲಿಯ ಮುಖ್ಯ ಪ್ರತಿಪಾದನೆ.

೨. ಕೂಲಿಮಠದಿಂದ ಕಲಿಯಬೇಕಾದುದು, ಬಿಡಬೇಕಾದುದು

ಸರಕಾರಿ ಶಾಲೆಗಳು ಬರುವ ಮುನ್ನ ಕನ್ನಡನಾಡಿನ ಹಳ್ಳಿಗಳಲ್ಲಿ ಅಕ್ಷರ ಕಲಿಸುತ್ತಿದ್ದವು ಕೂಲಿಮಠಗಳು. ಊರವರು ಕೊಡುವ ಕಾಳುಕಡಿಯಿಂದ ಜೀವನ ಸಾಗಿಸುತ್ತಿದ್ದ ಅಯ್ಯನವರು ಗುಡಿಯ ಪೌಳಿಯಲ್ಲೋ ಯಾರದಾದರೊಬ್ಬರ ಪಡಸಾಲೆಯಲ್ಲೋ ಮಕ್ಕಳನ್ನು ಕೂರಿಸಿಕೊಂಡು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು. ಆ ವ್ಯವಸ್ಥೆಯಲ್ಲಿ ಗುರುವಿಗೆ ಪ್ರತಿಯೊಂದು ಮಗುವಿನ ಮನೆಯೂ ಪರಿಚಿತವಾಗಿತ್ತು. ಯಾರ ಮನೆಯಲ್ಲಿ ರೋಗ, ಯಾರ ಮನೆಯಲ್ಲಿ ಬಿತ್ತನೆಯ ಅವಸರ, ಯಾವ ಹುಡುಗ ಏಕೆ ಬರಲಿಲ್ಲ ಎಂಬುದನ್ನು ಅವರು ಕೇಳಿ ತಿಳಿಯಬೇಕಾಗಿರಲಿಲ್ಲ. ಮಗುವಿನ ಆಡುಮಾತೇ ಗುರುವಿನ ಆಡುಮಾತೂ ಆಗಿತ್ತು.

ಆದರೆ ಆ ಮಠಗಳ ದಂಡನೆ ಕಠೋರವಾಗಿತ್ತು. ಹಗ್ಗಕ್ಕೆ ಜೋತುಬೀಳಿಸುವ ಕೋದಂಡದ ಶಿಕ್ಷೆ ಹಿಂದಿನ ತಲೆಮಾರಿನವರ ನೆನಪಿನಲ್ಲಿ ಬಹುಕಾಲ ಉಳಿದಿತ್ತು. ಅಲ್ಲದೆ ಎಲ್ಲ ಜಾತಿಯ ಮಕ್ಕಳಿಗೂ, ಹೆಣ್ಣುಮಕ್ಕಳಿಗೂ ಅಲ್ಲಿ ಸಮಾನವಾದ ಪ್ರವೇಶವಿರಲಿಲ್ಲ. ಅಂದರೆ ಕೂಲಿಮಠದ ಗುರುವಿಗೆ ಮಗುವಿನ ಪರಿಚಯವಿತ್ತು; ಅಭಯ ನೀಡುವ ಮನೋಧರ್ಮ ಸಾಲದಾಗಿತ್ತು. ಇಂದಿನ ನಗರದ ಶಾಲೆಯಲ್ಲಿ ಸ್ಥಿತಿ ಬಹುಮಟ್ಟಿಗೆ ತಿರುಗುಮುರುಗಾಗಿದೆ. ಮಕ್ಕಳ ಶಿಕ್ಷಣದ ಹಕ್ಕಿನ ೨೦೦೯ರ ಅಧಿನಿಯಮವು ದೈಹಿಕ ದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮಗುವನ್ನು ಭಯ ಮತ್ತು ಆತಂಕಗಳಿಂದ ಮುಕ್ತಗೊಳಿಸುವುದು, ತನ್ನ ಅಭಿಪ್ರಾಯವನ್ನು ನಿಸ್ಸಂಕೋಚವಾಗಿ ಹೇಳಲು ನೆರವಾಗುವುದು ಪಠ್ಯಕ್ರಮದ ಗುರಿಗಳಲ್ಲಿ ಸೇರಿರಬೇಕೆಂದು ವಿಧಿಸಿದೆ. ಇದು ದೊಡ್ಡ ಮುನ್ನಡೆ. ಆದರೆ ದೂರದ ಉಪನಗರದಿಂದ ಲೋಕಲ್ ಗಾಡಿ ಹಿಡಿದು ಬರುವ ಶಿಕ್ಷಕರಿಗೆ ಶಾಲೆಯ ಹಿಂದಿನ ಚಾಳಿನಲ್ಲಿರುವ ಮಗುವಿನ ಮನೆ ಅಪರಿಚಿತವಾಗಿಯೇ ಉಳಿಯುತ್ತದೆ. ಕೂಲಿಮಠದ ಪರಿಚಯವನ್ನೂ ಇಂದಿನ ಅಭಯವನ್ನೂ ಕೂಡಿಸುವುದು ಹೇಗೆ ಎಂಬುದು ನಮ್ಮ ಮುಂದಿರುವ ಪ್ರಶ್ನೆ.

೩. ನೆರೆಯ ಎರಡು ಪ್ರಯೋಗಗಳು

ಈ ಪ್ರಶ್ನೆಗೆ ಉತ್ತರ ಹುಡುಕಿದವರು ನಮ್ಮ ಪಶ್ಚಿಮ ಕರಾವಳಿಯ ನೆರೆಹೊರೆಯಲ್ಲಿಯೇ ಇದ್ದರು. ಮೊದಲನೆಯವರು ಗುಜರಾತಿನ ಗಿಜುಭಾಯಿ ಬಧೇಕಾ. ವಕೀಲಿ ವೃತ್ತಿಯನ್ನು ಬಿಟ್ಟು ಶಿಕ್ಷಣಕ್ಕೆ ಬಂದ ಅವರು ೧೯೨೦ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಬಾಲಮಂದಿರವನ್ನು ಆರಂಭಿಸಿದರು. ಮಕ್ಕಳೊಡನೆ ಅವರಿಗಿದ್ದ ಒಡನಾಟವನ್ನು ಕಂಡ ಜನ ಅವರನ್ನು ಮೀಸೆಯುಳ್ಳ ತಾಯಿ ಎಂದು ಕರೆದರು. ಅವರ ‘ದಿವಾಸ್ವಪ್ನ’ ಕೃತಿಯು ಪ್ರಾಥಮಿಕ ಶಾಲೆಯಲ್ಲಿ ಪ್ರಯೋಗಕ್ಕೆ ಇಳಿದ ಶಿಕ್ಷಕನೊಬ್ಬನ ಕಥನ. ಮೊದಲ ದಿನ ಆತ ತಾನು ಯೋಚಿಸಿಕೊಂಡು ಬಂದಿದ್ದ ಮೌನದ ಆಟವನ್ನು ಆಡಿಸಹೊರಟು ಗದ್ದಲವನ್ನೇ ಎದುರಿಸುತ್ತಾನೆ. ಅನಂತರ ಪಾಠವನ್ನು ಬದಿಗಿರಿಸಿ ಕತೆ ಹೇಳತೊಡಗುತ್ತಾನೆ. ಮಕ್ಕಳು ತಾವಾಗಿಯೇ ಹತ್ತಿರ ಬಂದು ಕುಳಿತುಕೊಳ್ಳುತ್ತಾರೆ. ಹಾಜರಿ, ಶಿಸ್ತು, ಓದು ಎಲ್ಲವೂ ಆ ಕತೆಯ ಬೆನ್ನಿಗೆ ಬರುತ್ತವೆ. ಸಂಬಂಧ ಮೊದಲು, ಪಾಠ ಆಮೇಲೆ ಎಂಬ ಕ್ರಮವನ್ನು ಈ ಕೃತಿ ಸ್ಪಷ್ಟಪಡಿಸುತ್ತದೆ.

ಎರಡನೆಯವರು ಮುಂಬಯಿಯಲ್ಲಿ ಜನಿಸಿದ ತಾರಾಬಾಯಿ ಮೋಡಕ್. ಗಿಜುಭಾಯಿಯವರ ಸಹವರ್ತಿಯಾಗಿದ್ದ ಅವರು ೧೯೪೫ರಲ್ಲಿ ಬೋರ್ಡಿಯಲ್ಲಿ ಗ್ರಾಮ ಬಾಲಶಿಕ್ಷಾ ಕೇಂದ್ರವನ್ನು ತೆರೆದರು. ಅಲ್ಲಿ ಅನುತಾಯಿ ವಾಘ್ ಅವರೊಡನೆ ಸೇರಿಕೊಂಡರು. ೧೯೫೭ರಲ್ಲಿ ಕಾರ್ಯಕ್ಷೇತ್ರ ಡಹಾಣೂ ತಾಲೂಕಿನ ಕೋಸಬಾಡಕ್ಕೆ ಸಾಗಿತು. ಅಲ್ಲಿಯ ವಾರ್ಲಿ ಮಕ್ಕಳು ಶಾಲೆಗೆ ಬರಲಿಲ್ಲ. ಕಾರಣವನ್ನು ಹುಡುಕಿದಾಗ, ಹಗಲು ಹೊತ್ತು ಅವರು ದನ ಮೇಯಿಸಲು ಹೋಗುತ್ತಾರೆಂಬುದು ತಿಳಿದುಬಂತು. ಆಗ ಶಿಕ್ಷಕರೇ ಹುಲ್ಲುಗಾವಲಿಗೆ ಹೋಗಿ ಪಾಠ ಹೇಳುವ ‘ಕುರಣಶಾಲೆ’ ರೂಪುಗೊಂಡಿತು. ಎಳೆಯ ಮಕ್ಕಳಿಗಾಗಿ ಮನೆಯಂಗಳದಲ್ಲೇ ನಡೆಯುವ ಅಂಗನವಾಡಿಯ ಕಲ್ಪನೆಯೂ ಈ ಕಾರ್ಯದಲ್ಲಿಯೇ ಬೆಳೆಯಿತು. ದುಬಾರಿ ಉಪಕರಣಗಳ ಸ್ಥಾನದಲ್ಲಿ ಎಲೆ, ಬೀಜ, ಕಲ್ಲು, ಕಪ್ಪೆಚಿಪ್ಪುಗಳು ಬಂದವು. ಮಗು ಬರುತ್ತಿಲ್ಲವೆಂದು ದೂರುವ ಬದಲು ಅದು ಎಲ್ಲಿದೆಯೆಂದು ತಿಳಿದು ಅಲ್ಲಿಗೆ ಹೋಗುವುದು ಈ ಪ್ರಯೋಗದ ತಿರುಳು. ಮುಂಬಯಿಯ ಕನ್ನಡ ಶಿಕ್ಷಕರ ಪಾಲಿಗೆ ಆ ಹುಲ್ಲುಗಾವಲು ಯಾವುದು? ಅದು ಮಗುವಿನ ಮನೆಮಾತು ಎಂದು ನನ್ನ ಭಾವನೆ.

೪. ಕನ್ನಡ ತರಗತಿಯ ಹಲವು ಮನೆಮಾತುಗಳು

ಮುಂಬಯಿ ಮಹಾನಗರಪಾಲಿಕೆ ಎಂಟು ಮಾಧ್ಯಮಗಳಲ್ಲಿ ಪ್ರಾಥಮಿಕ ಶಿಕ್ಷಣ ನೀಡುತ್ತ ಬಂದಿದ್ದು, ಅವುಗಳಲ್ಲಿ ಕನ್ನಡವೂ ಒಂದು. ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧನೆಯ ಸೌಕರ್ಯ ಒದಗಿಸಬೇಕೆಂಬ ಸಂವಿಧಾನದ ೩೫೦ಎ ವಿಧಿ ೧೯೫೬ರಲ್ಲಿ ಸೇರ್ಪಡೆಯಾಯಿತು. ಇದಕ್ಕೂ ಮೊದಲೇ, ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿ ಓದುತ್ತಿದ್ದ ಕರಾವಳಿಯ ಹುಡುಗರಿಗಾಗಿ ಇಲ್ಲಿಯ ಕನ್ನಡ–ತುಳು ಸಂಘಗಳು ರಾತ್ರಿಶಾಲೆಗಳನ್ನು ನಡೆಸಿದ್ದವು. ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡ ಪಠ್ಯಪುಸ್ತಕಗಳನ್ನು ಹೊರತಂದಿದೆ. ಹೀಗೆ ಕಾನೂನು, ಶಾಲೆ, ಪುಸ್ತಕ ಮೂರೂ ಮಾತೃಭಾಷೆ ಕನ್ನಡ ಎಂಬ ಗ್ರಹಿಕೆಯ ಮೇಲೆ ನಿಂತಿವೆ. ತರಗತಿಯ ಒಳಹೊಕ್ಕರೆ ಚಿತ್ರ ಇಷ್ಟು ಸರಳವಲ್ಲ.

ಉಡುಪಿ, ಮಂಗಳೂರು ಕಡೆಯ ಕುಟುಂಬದ ಮಗುವಿನ ಮನೆಮಾತು ತುಳುವೋ ಕೊಂಕಣಿಯೋ ಆಗಿರಬಹುದು. ಕಟ್ಟಡದ ಕೆಲಸಕ್ಕೆಂದು ಕಲಬುರ್ಗಿ, ವಿಜಯಪುರದ ಕಡೆಯಿಂದ ಬಂದವರ ಮಗು ಉತ್ತರ ಕರ್ನಾಟಕದ ಕನ್ನಡವನ್ನಾಡುತ್ತದೆ. ತಾಂಡಾದಿಂದ ಬಂದ ಮಗು ಲಂಬಾಣಿಯನ್ನಾಡುತ್ತದೆ. ಚಾಳಿನ ಓಣಿಯಲ್ಲಿ ಆಟವೆಲ್ಲ ಹಿಂದಿ, ಮರಾಠಿಗಳಲ್ಲಿ ನಡೆಯುತ್ತದೆ. ಪಠ್ಯಪುಸ್ತಕದ ಶಿಷ್ಟ ಕನ್ನಡ ಇವರಲ್ಲಿ ಬಹುಮಂದಿಗೆ ಹೊಸದು.

ಇದರ ಪರಿಣಾಮವನ್ನು ತೀರ ಸಾಮಾನ್ಯವಾದ ಪದಗಳಲ್ಲಿಯೇ ನೋಡಬಹುದು. ತುಳುವಿನಲ್ಲಿ ತಾಯಿಗೆ ‘ಅಪ್ಪೆ’ ಎಂದೂ ತಂದೆಗೆ ‘ಅಮ್ಮೆ’ ಎಂದೂ ಹೆಸರು. ಆ ಪದಗಳನ್ನು ಬಳಸುವ ಮನೆಯ ಮಗು ‘ಅಮ್ಮ’ ಎಂಬ ಪದದ ಮುಂದೆ ತಂದೆಯ ಚಿತ್ರವನ್ನಿಟ್ಟರೆ ಅದು ಅಜ್ಞಾನವಲ್ಲ. ತನ್ನ ಭಾಷೆಯ ನಿಯಮವನ್ನು ಅದು ಸರಿಯಾಗಿಯೇ ಪಾಲಿಸಿದೆ. ತುಳುವಿನ ‘ಇಲ್ಲ್’ ಎಂದರೆ ಮನೆ. ಕನ್ನಡದ ‘ಇಲ್ಲ’ ನಿಷೇಧಾರ್ಥಕ. ಮರಾಠಿಯಲ್ಲಿ ‘ತಾಯಿ’ ಎಂದು ಕೇಳಿಸುವ ಪದ ಅಕ್ಕನನ್ನು ಸೂಚಿಸುತ್ತದೆ. ಕನ್ನಡದಲ್ಲಿ ಅದು ಹೆತ್ತವಳಿಗೆ ಸಲ್ಲುತ್ತದೆ. ಲಂಬಾಣಿ ಮಗುವಿಗೆ ತಾಯಿಯೆಂದರೆ ‘ಯಾಡಿ’. ಉತ್ತರ ಕರ್ನಾಟಕದ ಮಗುವಿಗೆ ಬೇವು, ಮಾವುಗಳೂ ‘ಗಿಡ’ಗಳೇ, ಪುಸ್ತಕ ‘ಮರ’ ಎನ್ನುತ್ತದೆ. ಅದರ ‘ಮನಿ’, ‘ಶಾಲಿ’ಗಳು ಪುಸ್ತಕದಲ್ಲಿ ‘ಮನೆ’, ‘ಶಾಲೆ’ಗಳಾಗಿವೆ.

ಲೆಕ್ಕದ ಪಾಠವೂ ಇದರಿಂದ ಹೊರತಲ್ಲ. ಕನ್ನಡದಲ್ಲಿ ‘ಇಪ್ಪತ್ತೊಂದು’ ಎನ್ನುವಾಗ ಹತ್ತರ ಸ್ಥಾನ ಮೊದಲು ಬರುತ್ತದೆ, ಬಿಡಿ ಆಮೇಲೆ. ಮರಾಠಿಯ ‘ಏಕವೀಸ್’ನಲ್ಲಿ ಒಂದು ಮೊದಲು, ಇಪ್ಪತ್ತು ಆಮೇಲೆ. ಅಂಗಡಿಗೆ ಹೋಗಿ ಬಂದು ಮರಾಠಿ ಎಣಿಕೆಯನ್ನು ರೂಢಿಸಿಕೊಂಡ ಮಗು ೨೧ ಎಂಬಲ್ಲಿ ೧೨ ಎಂದು ಬರೆದರೆ, ಕಿವಿಗೆ ಬಿದ್ದ ಕ್ರಮವನ್ನೇ ಅದು ಕಾಗದದ ಮೇಲಿಟ್ಟಿರಬಹುದು.

ಇಂಥ ಸಂದರ್ಭದಲ್ಲಿ ಶಿಕ್ಷಕರ ಮುಂದೆ ಎರಡು ಮಾರ್ಗಗಳಿವೆ. ತಪ್ಪೆಂದು ಗೆರೆಯೆಳೆದು ಮುಂದಕ್ಕೆ ಹೋಗುವುದು ಒಂದು. ಆಗ ಮಗುವಿಗೆ ತನ್ನ ಉತ್ತರ ಮಾತ್ರವಲ್ಲ, ತನ್ನ ತಾಯಿ ಕಲಿಸಿದ ಮಾತೇ ತಪ್ಪೆಂದು ತೋರುತ್ತದೆ. ಅದು ಬಾಯಿಮುಚ್ಚಿಕೊಳ್ಳುತ್ತದೆ, ಶಿಕ್ಷಕರು ಅದನ್ನು ದಡ್ಡತನವೆಂದು ಎಣಿಸುತ್ತಾರೆ. ಇನ್ನೊಂದು ಮಾರ್ಗವೆಂದರೆ, ‘ನಿಮ್ಮ ಮನೆಯಲ್ಲಿ ಹೀಗೆನ್ನುತ್ತಾರೆ, ಪುಸ್ತಕದಲ್ಲಿ ಹೀಗೆ ಬರೆದಿದೆ, ಎರಡನ್ನೂ ನೆನಪಿಟ್ಟುಕೋ’ ಎಂದು ಹೇಳುವುದು. ಇಷ್ಟು ಮಾತಿನಿಂದಲೇ ತನ್ನ ಮನೆ ಈ ಗುರುಗಳಿಗೆ ಗೊತ್ತು ಎಂಬ ಭಾವನೆ ಮಗುವಿನಲ್ಲಿ ಮೂಡುತ್ತದೆ. ನಾವು ಬಾಂಧವ್ಯ ಎನ್ನುವುದರ ಮೊದಲ ಎಳೆ ಇದೇ.

ಕನ್ನಡೇತರ ಮನೆಮಾತಿನ ಮಗುವಿಗೆ ಕನ್ನಡ ಪರಕೀಯವಾಗಿಯೇ ಉಳಿಯುತ್ತದೆಂಬ ಆತಂಕಕ್ಕೆ ಕಾರಣವಿಲ್ಲ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಕನ್ನಡ ಶಿಶುಸಾಹಿತ್ಯಕ್ಕೆ ಭದ್ರವಾದ ನೆಲೆ ಕಟ್ಟಿಕೊಟ್ಟ, ಸ್ವತಃ ಶಿಕ್ಷಕರೂ ಶಾಲಾ ತನಿಖಾಧಿಕಾರಿಗಳೂ ಆಗಿದ್ದ ಪಂಜೆ ಮಂಗೇಶರಾಯರದು ಕೊಂಕಣಿ. ಮನೆಯ ಮಾತು ಕನ್ನಡಕ್ಕೆ ಅಡ್ಡಿಯಾಗಬೇಕೆಂದಿಲ್ಲ ಎಂಬುದಕ್ಕೆ ಇವರಿಗಿಂತ ಬೇರೆ ನಿದರ್ಶನ ಬೇಕಾಗಿಲ್ಲ.

೫. ಆಚರಣೆಯ ಕೆಲವು ಮಾರ್ಗಗಳು

ಮೇಲಿನ ವಿಚಾರಗಳನ್ನು ದಿನನಿತ್ಯದ ತರಗತಿಗೆ ಅನ್ವಯಿಸುವುದು ಸಾಧ್ಯವಿದೆ.

ಮೊದಲನೆಯದು ಹೆಸರು. ಹಾಜರಿಪಟ್ಟಿಯಲ್ಲಿರುವ ಹೆಸರು ಒಂದು, ಮನೆಯಲ್ಲಿ ಕರೆಯುವ ಹೆಸರು ಇನ್ನೊಂದು. ವರ್ಷದ ಆರಂಭದ ವಾರಗಳಲ್ಲಿಯೇ ಎರಡನ್ನೂ ತಿಳಿದುಕೊಂಡು, ಮಗು ಯಾವುದನ್ನು ಇಷ್ಟಪಡುತ್ತದೆಯೋ ಅದರಿಂದ ಕರೆಯುವುದು ಒಳ್ಳೆಯದು. ಹೆಸರನ್ನು ಅದರ ಮನೆಯವರು ಉಚ್ಚರಿಸುವಂತೆಯೇ ಉಚ್ಚರಿಸಬೇಕು. ಬಣ್ಣ, ಮೈಕಟ್ಟು, ಊರು, ತಂದೆಯ ಉದ್ಯೋಗಗಳನ್ನು ಹಿಡಿದು ಅಡ್ಡಹೆಸರಿಡುವುದು ಎಷ್ಟೇ ಸಲಿಗೆಯಿಂದ ಕೂಡಿದ್ದರೂ ಮಗುವನ್ನು ನೋಯಿಸುತ್ತದೆ.

ಎರಡನೆಯದು ಮಗುವಿನ ಸ್ವಂತ ಪದ. ನ್ಯೂಜಿಲೆಂಡಿನಲ್ಲಿ ಮಾವೊರಿ ಮಕ್ಕಳಿಗೆ ಕಲಿಸಿದ ಸಿಲ್ವಿಯಾ ಆ್ಯಷ್ಟನ್–ವಾರ್ನರ್ ಅವರು ೧೯೬೩ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಒಂದು ವಿಧಾನವನ್ನು ವಿವರಿಸಿದ್ದಾರೆ. ನಿನಗೆ ಇಂದು ಯಾವ ಪದ ಬೇಕು ಎಂದು ಪ್ರತಿಯೊಂದು ಮಗುವನ್ನೂ ಕೇಳಿ, ಅದು ಹೇಳಿದ ಪದವನ್ನು ರಟ್ಟಿನ ತುಂಡಿನ ಮೇಲೆ ಬರೆದುಕೊಡುವುದು. ಮರುದಿನ ಮಗು ಗುರುತಿಸಿದ ಪದಗಳನ್ನು ಉಳಿಸಿಕೊಳ್ಳುವುದು. ಮಗುವಿಗೆ ಬೇಕಾದ ಪದ ಬೇಗ ಮನಸ್ಸಿನಲ್ಲಿ ನಿಲ್ಲುತ್ತದೆ ಎಂಬುದು ಇದರ ತಳಹದಿ. ಈ ವಿಧಾನವನ್ನು ಕನ್ನಡಕ್ಕೆ ಹೊಂದಿಸಿಕೊಳ್ಳುವುದು ಕಷ್ಟವಲ್ಲ. ಮಗು ‘ಲೋಕಲ್’ ಎಂದರೂ ‘ವಡಾಪಾವ್’ ಎಂದರೂ ಅದನ್ನು ಕನ್ನಡ ಲಿಪಿಯಲ್ಲಿ ಬರೆದುಕೊಡಬಹುದು. ‘ಲೋಕಲ್’ ಎಂಬ ಒಂದೇ ಪದದಲ್ಲಿ ದೀರ್ಘಸ್ವರದ ಗುಣಿತ, ಮೂಲಾಕ್ಷರ, ಅರ್ಧಾಕ್ಷರ ಮೂರೂ ಸಿಗುತ್ತವೆ. ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿಯೇ ಕಲಿಸಬೇಕೆಂಬ ಕಟ್ಟುಪಾಡು ಕರ್ನಾಟಕದಲ್ಲಿಯೂ ಸಡಿಲಿದೆ. ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ‘ನಲಿ–ಕಲಿ’ ಪದ್ಧತಿಯಲ್ಲಿ ಬರೆಯಲು ಸುಲಭವಾದ, ಪದಗಳನ್ನು ಕೂಡಿಸಲು ಅನುಕೂಲವಾದ ಅಕ್ಷರಗಳು ಮೊದಲು ಬರುತ್ತವೆ. ಅಲ್ಲಿ ಶಿಕ್ಷಕರು ಮಕ್ಕಳ ಚಿಕ್ಕ ಗುಂಪಿನೊಡನೆ ನೆಲದ ಮೇಲೆ ಕುಳಿತುಕೊಳ್ಳುತ್ತಾರೆ. ಕುರ್ಚಿಯಿಂದ ನೆಲಕ್ಕಿಳಿಯುವ ಈ ಕ್ರಮ ಚಿಕ್ಕದಾಗಿ ತೋರಿದರೂ, ಮಗುವಿನ ಕಣ್ಣಿನ ಎತ್ತರಕ್ಕೆ ಶಿಕ್ಷಕರ ಕಣ್ಣು ಬರುವುದು ಇದರಿಂದಲೇ.

ಮೂರನೆಯದು ಆಲಿಸುವುದು. ಬೆಳಗಿನ ಮೊದಲ ಹತ್ತು ನಿಮಿಷಗಳನ್ನು ಮಕ್ಕಳ ಮಾತಿಗೆ ಮೀಸಲಿಡಬಹುದು. ಮಗು ಯಾವ ಭಾಷೆಯಲ್ಲಿ ಹೇಳಿದರೂ ಅರ್ಧದಲ್ಲಿ ತಡೆದು ತಿದ್ದಬಾರದು. ಹೇಳಿ ಮುಗಿಸಿದ ಮೇಲೆ ಅದೇ ಸಂಗತಿಯನ್ನು ಶಿಕ್ಷಕರು ಕನ್ನಡದಲ್ಲಿ ಪುನಃ ಹೇಳಿದರೆ ಭಾಷೆ ತಾನಾಗಿ ಕಿವಿಗೆ ಬೀಳುತ್ತದೆ. ಊರಿನ ಜಾತ್ರೆಗೆಂದು ಹೋಗಿ ಹದಿನೈದು ದಿನ ಕಳೆದು ಬಂದ ಮಗುವನ್ನು ಗೈರುಹಾಜರಿಗಾಗಿ ಗದರಿಸುವುದು ರೂಢಿ. ಆ ಜಾತ್ರೆಯ ತೇರು, ಬೆಂಡುಬತ್ತಾಸುಗಳ ವಿವರವನ್ನೇ ಅಂದಿನ ಭಾಷಾಪಾಠವನ್ನಾಗಿ ಮಾಡಿದರೆ, ತಪ್ಪಿಹೋದ ಪಾಠಗಳನ್ನು ಕಲಿಯುವ ಉತ್ಸಾಹವೂ ಮಗುವಿಗೆ ಬರುತ್ತದೆ.

ನಾಲ್ಕನೆಯದು ಮನೆಯ ಸಂಪರ್ಕ. ಪಾಲಕರೊಡನೆ ನಿಯಮಿತವಾಗಿ ಸಭೆ ನಡೆಸುವುದು ಶಿಕ್ಷಕರ ಕರ್ತವ್ಯವೆಂದು ಮೇಲೆ ಹೇಳಿದ ಅಧಿನಿಯಮವೂ ವಿಧಿಸಿದೆ. ಆದರೆ ದಿನಗೂಲಿಯ ತಾಯಿತಂದೆಯರಿಗೆ ಹಗಲಿನ ಸಭೆಯೆಂದರೆ ಒಂದು ದಿನದ ಕೂಲಿಯ ನಷ್ಟ. ಸಭೆಯ ಹೊತ್ತನ್ನು ಅವರ ಅನುಕೂಲಕ್ಕೆ ಹೊಂದಿಸಬೇಕಾಗುತ್ತದೆ. ಮೊದಲ ಭೇಟಿಯಲ್ಲಿ ಮಗುವಿನ ಬಗೆಗೆ ಒಂದಾದರೂ ಒಳ್ಳೆಯ ಮಾತನ್ನು ಹೇಳಬೇಕು. ದೂರು ಹೇಳುವುದಕ್ಕಾಗಿ ಮಾತ್ರ ಕರೆಯುತ್ತಾರೆಂಬ ಅಳುಕು ಪಾಲಕರಲ್ಲಿದ್ದರೆ ಅವರು ಎರಡನೆಯ ಸಲ ಬರುವುದಿಲ್ಲ. ಓದುಬರಹ ಬಾರದ ಅಜ್ಜಿಗೆ ಬೀಸುವಕಲ್ಲಿನ ಹಾಡು ಗೊತ್ತಿರಬಹುದು, ಪಾಡ್ದನ ಗೊತ್ತಿರಬಹುದು. ಅವರನ್ನು ತರಗತಿಗೆ ಕರೆದು ಹಾಡಿಸಿದರೆ, ತನ್ನ ಮನೆಯವರಿಗೆ ಶಾಲೆಯಲ್ಲಿ ಗೌರವವಿದೆ ಎಂಬುದನ್ನು ಮಗು ಕಣ್ಣಾರೆ ಕಾಣುತ್ತದೆ.

ಐದನೆಯದು ಮೌನಿಯಾದ ಮಗು. ಗಲಾಟೆ ಮಾಡುವ ಮಗು ಹೇಗೂ ಗಮನ ಸೆಳೆಯುತ್ತದೆ. ಚೂಟಿಯಾದ ಮಗು ಮುಂದಿನ ಸಾಲಿನಲ್ಲಿ ಕೈಯೆತ್ತುತ್ತದೆ. ಇವೆರಡರ ನಡುವೆ ದಿನವಿಡೀ ಒಂದು ಮಾತನ್ನೂ ಆಡದೆ ಮನೆಗೆ ಹೋಗುವ ಮಕ್ಕಳಿರುತ್ತಾರೆ. ವಾರದ ಕೊನೆಗೆ ಹಾಜರಿಪಟ್ಟಿಯ ಮೇಲೆ ಕಣ್ಣಾಡಿಸಿ, ಈ ವಾರ ತಾನು ಯಾರೊಡನೆ ಮಾತನಾಡಿಲ್ಲ ಎಂದು ಗುರುತು ಹಾಕಿಕೊಳ್ಳುವ ಅಭ್ಯಾಸವನ್ನು ಶಿಕ್ಷಕರು ಬೆಳೆಸಿಕೊಂಡರೆ, ಮುಂದಿನ ವಾರ ಆ ಮಕ್ಕಳಿಗೆ ಒಂದು ಚಿಕ್ಕ ಕೆಲಸವನ್ನೋ ಪ್ರಶ್ನೆಯನ್ನೋ ಕೊಡಲು ಸಾಧ್ಯವಾಗುತ್ತದೆ.

೬. ಮಿತಿಗಳು

ಈ ಮಾತುಗಳನ್ನು ಹೇಳುವಾಗ ಶಿಕ್ಷಕರ ಕಷ್ಟವನ್ನು ಮರೆಯುವಂತಿಲ್ಲ. ಅರವತ್ತರವರೆಗೆ ಮಕ್ಕಳಿರುವ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರೆಂದು ಅಧಿನಿಯಮದ ಅನುಸೂಚಿ ಹೇಳುತ್ತದೆ. ಮಕ್ಕಳ ಸಂಖ್ಯೆ ಕುಗ್ಗಿದ ಕನ್ನಡ ಶಾಲೆಯಲ್ಲಿ ಈ ಇಬ್ಬರೇ ನಾಲ್ಕು ಇಯತ್ತೆಗಳನ್ನು ನಿರ್ವಹಿಸಬೇಕಾಗುತ್ತದೆ. ಜನಗಣತಿ, ಚುನಾವಣೆಗಳ ಕಾರ್ಯವೂ ಬೀಳುತ್ತದೆ. ಮನೆಮನೆಗೆ ಹೋಗಲು ಅವರಿಗೆ ಬಿಡುವೆಲ್ಲಿ ಎಂಬ ಪ್ರಶ್ನೆ ನ್ಯಾಯವಾದುದೇ. ಆದರೆ ಮೇಲೆ ಸೂಚಿಸಿದ ಮಾರ್ಗಗಳಲ್ಲಿ ಬಹುಪಾಲು ತರಗತಿಯ ಹೊತ್ತಿನಲ್ಲಿಯೇ ಆಗುವಂಥವು. ಮಕ್ಕಳ ಸಂಖ್ಯೆ ಕಡಿಮೆಯಿರುವುದು ಶಾಲೆಯ ಉಳಿವಿನ ದೃಷ್ಟಿಯಿಂದ ಚಿಂತೆಯ ವಿಷಯವಾದರೂ, ಒಂದೊಂದು ಮಗುವನ್ನೂ ಬಲ್ಲ ಗುರುವಾಗಲು ಅದೇ ಅವಕಾಶವೂ ಹೌದು.

ಬಾಂಧವ್ಯಕ್ಕೂ ಒಂದು ಎಲ್ಲೆಯಿದೆ. ಶಿಕ್ಷಕರು ತಾಯಿತಂದೆಯರ ಸ್ಥಾನವನ್ನು ಆಕ್ರಮಿಸಬೇಕಾಗಿಲ್ಲ. ಮೆಚ್ಚಿನ ಮಕ್ಕಳೆಂಬ ಚಿಕ್ಕ ಬಳಗ ತರಗತಿಯಲ್ಲಿ ಬೆಳೆದರೆ ಉಳಿದವರು ದೂರವಾಗುತ್ತಾರೆ. ಸಲಿಗೆಯ ಹೆಸರಿನಲ್ಲಿ ಕಲಿಕೆಯ ನಿರೀಕ್ಷೆಯನ್ನು ತಗ್ಗಿಸುವುದೂ ಸರಿಯಲ್ಲ. ಮನೆಮಾತನ್ನು ಗೌರವಿಸಬೇಕೆಂದರೆ ಶಿಷ್ಟ ಕನ್ನಡವನ್ನು ಕಲಿಸಬಾರದೆಂದು ಅರ್ಥವಲ್ಲ. ‘ಮನಿ’ ಎನ್ನುವ ಮಗು ‘ಮನೆ’ ಎಂದು ತಪ್ಪಿಲ್ಲದೆ ಬರೆಯುವಂತಾಗಬೇಕು. ಆದರೆ ‘ಮನಿ’ ಎಂದದ್ದಕ್ಕಾಗಿ ನಾಚುವಂತಾಗಬಾರದು.

೭. ಉಪಸಂಹಾರ: ಕನ್ನಡ ವಿಭಾಗಗಳ ಹೊಣೆ

ಈ ವಿಷಯ ಶಿಕ್ಷಣಶಾಸ್ತ್ರಕ್ಕೆ ಸೇರಿದುದು, ಕನ್ನಡ ವಿಭಾಗದ ಸಂಸ್ಮರಣ ಗ್ರಂಥಕ್ಕೆ ಇದರ ಸಂಬಂಧವೇನು ಎಂದು ಯಾರಾದರೂ ಕೇಳಬಹುದು. ಹೊರನಾಡಿನಲ್ಲಿ ಕನ್ನಡ ಕಲಿಯಲೇಬೇಕಾದ ಲೌಕಿಕ ಒತ್ತಡ ಕಡಿಮೆ. ಅಂಗಡಿ, ಕಚೇರಿ, ರೈಲುನಿಲ್ದಾಣ ಯಾವುದೂ ಮಗುವಿನಿಂದ ಕನ್ನಡವನ್ನು ಬೇಡುವುದಿಲ್ಲ. ಇಂಥಲ್ಲಿ ಮಗು ಕನ್ನಡದೊಡನೆ ಉಳಿಯುವುದಕ್ಕೆ ಮುಖ್ಯ ಕಾರಣ ಅದನ್ನು ಕಲಿಸಿದವರ ಮೇಲಿನ ವಿಶ್ವಾಸ. ಮೊದಲ ಇಯತ್ತೆಯಲ್ಲಿ ಆ ವಿಶ್ವಾಸ ಮುರಿದರೆ ಮುಂದೆ ಸ್ನಾತಕೋತ್ತರ ತರಗತಿಯ ಬೆಂಚುಗಳು ಬರಿದಾಗುತ್ತವೆ. ಆದುದರಿಂದ ಪ್ರಾಥಮಿಕ ಶಾಲೆಯ ಗುರು–ಶಿಷ್ಯ ಬಾಂಧವ್ಯ ವಿಶ್ವವಿದ್ಯಾಲಯದ ಕನ್ನಡ ವಿಭಾಗಗಳ ಅಳಿವು ಉಳಿವಿನ ಪ್ರಶ್ನೆಯೂ ಆಗಿದೆ.

ವಿಭಾಗಗಳು ಇಲ್ಲಿ ಮಾಡಬಹುದಾದ ಕೆಲಸವೊಂದಿದೆ. ಉಪಭಾಷೆಗಳನ್ನು ಕುರಿತು ನಮ್ಮಲ್ಲಿ ಸಾಕಷ್ಟು ಅಧ್ಯಯನಗಳು ನಡೆದಿವೆ. ಅವುಗಳ ಫಲ ಒಂದನೆಯ ಇಯತ್ತೆಯ ಶಿಕ್ಷಕರಿಗೆ ತಲುಪುವುದು ವಿರಳ. ಕನ್ನಡ ಎಂ.ಎ. ವಿದ್ಯಾರ್ಥಿಗಳು ತಮ್ಮ ಊರಿನ ಕನ್ನಡ ಶಾಲೆಗಳಿಗೆ ಹೋಗಿ, ಮಕ್ಕಳು ಮನೆಯಲ್ಲಿ ಬಳಸುವ ಸಂಬಂಧವಾಚಕ, ಆಹಾರ, ಆಟ, ಎಣಿಕೆ, ಮೈಯ ಅವಯವಗಳ ಪದಗಳನ್ನು ಸಂಗ್ರಹಿಸಿ, ಪಠ್ಯಪುಸ್ತಕದ ಪದಗಳ ಎದುರಿಗೆ ಜೋಡಿಸಿದರೆ ಶಿಕ್ಷಕರ ಮೇಜಿನ ಮೇಲಿಡಬಹುದಾದ ಒಂದು ಕಿರುಕೋಶ ಸಿದ್ಧವಾಗುತ್ತದೆ. ತುಳು, ಕೊಂಕಣಿ, ಲಂಬಾಣಿ, ಉತ್ತರ ಕರ್ನಾಟಕದ ಕನ್ನಡ, ಮರಾಠಿ ಇಷ್ಟು ಕಾಲಂಗಳಿದ್ದರೆ ಮುಂಬಯಿಗೆ ಸಾಕು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಶಾಲೆಗಳಿಗೂ, ಹೈದರಾಬಾದು, ಚೆನ್ನೈಗಳ ಕನ್ನಡ ಮಕ್ಕಳಿಗೂ ಅಲ್ಲಲ್ಲಿಯ ಭಾಷೆಗಳನ್ನು ಸೇರಿಸಿ ಇದನ್ನು ಹೊಂದಿಸಿಕೊಳ್ಳಬಹುದು. ‘ಅಮ್ಮ’ ಎಂಬ ಪದದ ಮುಂದೆ ತಂದೆಯ ಚಿತ್ರವನ್ನಿಟ್ಟ ಮಗುವಿನ ತಲೆಯ ಮೇಲೆ ಕೈಯಿಟ್ಟು, ‘ಗೊತ್ತಾಯಿತು ಮಗು, ನಿಮ್ಮ ಮನೆಯಲ್ಲಿ ಅಪ್ಪನಿಗೆ ಅಮ್ಮೆ ಎನ್ನುತ್ತೀರಲ್ಲವೇ’ ಎಂದು ಹೇಳಬಲ್ಲ ಶಿಕ್ಷಕರು ಪ್ರತಿಯೊಂದು ಕನ್ನಡ ಶಾಲೆಯಲ್ಲಿಯೂ ಇರುವಂತಾಗಲು ವಿದ್ವಾಂಸರು ಸಲ್ಲಿಸಬಹುದಾದ ಸೇವೆ ಇದು.